ಕೆಂಪು ತಗಡು

ಚಳಿ ಇಳಿಯುತ್ತಿತ್ತು. ಗಿಡಗಳ ಮೈಯಲ್ಲಿ ರಸ ಏರುವ ಹತ್ತು ಹನ್ನೆರಡು ದಿನಗಳು ಅವು. ಕಸಿ ಕಟ್ಟುವವರ ವರ್ಷದ ಬದುಕೆಲ್ಲ ಆ ದಿನಗಳ ಮೇಲೆಯೇ ನಿಂತಿತ್ತು. ಮುಂಚೆ ಕಟ್ಟಿದರೆ ಗಿಡ ಸೀಳಿದ ಗಾಯ ಒಣಗಿಹೋಗುತ್ತದೆ. ತಡವಾದರೆ ಮೊಗ್ಗು ಒಡೆದು ಕಡ್ಡಿ ಸಾಯುತ್ತದೆ. ಹಾಗಾಗಿ ನರ್ಸರಿಯ ನಲವತ್ತೆರಡು ಸಾಲುಗಳಲ್ಲೂ ಬೆಳಕು ಹರಿಯುವ ಮೊದಲೇ ಹೆಂಗಸರು ಮೊಣಕಾಲೂರಿ ಕೂತಿದ್ದರು.

ಅವಳು ಒಂಬತ್ತನೆಯ ಸಾಲಿನಲ್ಲಿದ್ದಳು. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬುಡದ ಗಿಡವನ್ನು ಗೇಣುದ್ದ ಬಿಟ್ಟು ಕತ್ತರಿಸುವುದು, ನಡುವೆ ಸೀಳುವುದು, ಒಳ್ಳೆ ಜಾತಿಯ ಮರದಿಂದ ತಂದ ಕಡ್ಡಿಯ ತುದಿಯನ್ನು ಬೆಣೆಯಂತೆ ಕೆತ್ತಿ ಸೀಳಿಗೆ ಇಳಿಸುವುದು, ಪಟ್ಟಿ ಸುತ್ತುವುದು. ಎರಡು ಕೈಯೂ ಗಾಯದ ಮೇಲಿರುವುದರಿಂದ ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯಬೇಕು. ದಿನಕ್ಕೆ ನಾನೂರು ಸಲ ಕಚ್ಚಬೇಕು. ಸಂಜೆಯ ಹೊತ್ತಿಗೆ ದವಡೆ ಮರಗಟ್ಟುತ್ತಿತ್ತು. ಔಷಧಿ ಹೊಡೆದ ಸಾಲಾಗಿದ್ದರೆ ಪಟ್ಟಿ ಕಹಿ. ಬಾಯಿ ಮುಕ್ಕಳಿಸಿದರೂ ಹೋಗದ ಕಹಿ ಅದು. ಅಲ್ಲಿನ ಹೆಂಗಸರು ಯಾವ ಸಾಲಿಗೆ ಯಾವಾಗ ಔಷಧಿ ಬಿತ್ತೆಂದು ನಾಲಿಗೆಯಲ್ಲೇ ಹೇಳುತ್ತಿದ್ದರು.

"ಏನೇ, ಹೊರದೇಶಕ್ಕೆ ಹಾರೋಳು ಇನ್ನೂ ಮಣ್ಣಲ್ಲಿ ಕೂತಿದ್ದೀಯಲ್ಲ?" ಎಂದಳು ಪಕ್ಕದ ಸಾಲಿನ ದೊಡ್ಡಕ್ಕ. ಅವಳಷ್ಟು ವರ್ಷ ಅಲ್ಲಿ ಕಸಿ ಕಟ್ಟಿದವರು ಬೇರೆ ಯಾರೂ ಇರಲಿಲ್ಲ.

"ಅಲ್ಲೂ ಗಿಡ ನೆಲದಲ್ಲೇ ಬೆಳೆಯುತ್ತಂತೆ ದೊಡ್ಡಕ್ಕ."

"ಮತ್ತೆ ಅಷ್ಟು ದೂರ ಯಾಕೆ ಹೋಗ್ತೀಯ? ಇಲ್ಲೇ ಸಾಯಬಹುದಲ್ಲ, ಖರ್ಚು ಕಮ್ಮಿ."

ಇಬ್ಬರೂ ಪಟ್ಟಿ ಕಚ್ಚಿಕೊಂಡೇ ನಕ್ಕರು.

ಹಿಂದಿನ ವರ್ಷ ಹೊರದೇಶದ ಹಣ್ಣಿನ ತೋಟದವರು ಬಂದು ಎಲ್ಲರ ಕೈಯಲ್ಲೂ ನೂರು ನೂರು ಕಸಿ ಕಟ್ಟಿಸಿದ್ದರು. ಅವಳು ಕಟ್ಟಿದ್ದರಲ್ಲಿ ತೊಂಬತ್ತೇಳು ಚಿಗುರಿದವು. ಮೂರು ವರ್ಷದ ಕೆಲಸ ಅವಳದಾಯಿತು. ಗಂಡನನ್ನೂ ಕರೆದುಕೊಂಡು ಬರಬಹುದು, ಆದರೆ ಇಬ್ಬರ ಆರೋಗ್ಯ ವಿಮೆಯನ್ನೂ ಅವಳೇ ಮಾಡಿಸಿಕೊಂಡು, ಶನಿವಾರದೊಳಗೆ ಕಾಗದ ಕಳಿಸಬೇಕು ಎಂದಿದ್ದರು.

ಗಂಡನ ಎರಡು ಮೂತ್ರಪಿಂಡಗಳೂ ಕೈಬಿಟ್ಟಿದ್ದವು. ಹದಿನಾಲ್ಕು ವರ್ಷ ಅದೇ ನರ್ಸರಿಯಲ್ಲಿ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಔಷಧಿ ಹೊಡೆದವನು ಅವನು. ಎಲ್ಲರೂ ಅವನನ್ನು ಟ್ಯಾಂಕು ಎಂದೇ ಕರೆಯುತ್ತಿದ್ದರು. ಈಗ ಮೂರು ವರ್ಷದಿಂದ ಮನೆಯಲ್ಲಿದ್ದ. ವಾರಕ್ಕೆರಡು ದಿನ ಆಸ್ಪತ್ರೆಯ ಯಂತ್ರದಲ್ಲಿ ರಕ್ತ ತೊಳೆಸಬೇಕು. ಒಂದು ವಾರ ತಪ್ಪಿದರೆ ಕಾಲು ಬಾತುಕೊಳ್ಳುತ್ತದೆ. ಎರಡು ವಾರ ತಪ್ಪಿದರೆ ಹೆಣ. ಊರಿನ ಆಸ್ಪತ್ರೆಯಲ್ಲಿದ್ದ ಮೂರು ಯಂತ್ರಗಳಲ್ಲಿ ಒಂದು ಕೆಟ್ಟು ಕೂತಿತ್ತು, ಇನ್ನೊಂದು ಕೆಡುತ್ತಾ ಸರಿಯಾಗುತ್ತಾ ಇತ್ತು. ಅಲ್ಲಿನ ತೋಟದ ಪಕ್ಕದ ಪೇಟೆಯಲ್ಲಿ ಹನ್ನೆರಡು ಯಂತ್ರಗಳಿವೆ ಎಂದು ಅವಳು ಕೇಳಿ ತಿಳಿದುಕೊಂಡಿದ್ದಳು. ಅವಳು ಹೋಗಲು ಒಪ್ಪಿದ್ದೇ ಆ ಹನ್ನೆರಡಕ್ಕಾಗಿ.

ಮಧ್ಯಾಹ್ನ ಅರ್ಧ ದಿನದ ಕೂಲಿ ಬಿಟ್ಟು, ಗಂಡನನ್ನು ಕರೆದುಕೊಂಡು ವಿಮೆಯವನ ಹತ್ತಿರ ಹೋದಳು.

ಬೀಗದಂಗಡಿಯ ಮೇಲಿನ ಕೋಣೆ. ಮೆಟ್ಟಿಲು ಕಡಿದಾಗಿತ್ತು. ಗಂಡ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದ. ವಿಮೆಯವನು ಮೇಜಿನ ಮೇಲೆ ಮೂರು ಪುಸ್ತಿಕೆಗಳನ್ನು ಹರಡಿದ. ನೀಲಿ, ಹಳದಿ, ಹಸಿರು.

"ನೀಲಿದು ಅಗ್ಗ ಅಕ್ಕ. ಎಲ್ಲರೂ ಇದನ್ನೇ ತಗೊಳ್ತಾರೆ. ವೀಸಾಕ್ಕೆ ಸಾಕು."

"ಇವರ ಯಂತ್ರಕ್ಕೆ?"

"ಅದಕ್ಕೆ ಬರಲ್ಲ. ಮೊದಲೇ ಇದ್ದ ಕಾಯಿಲೆ ನೋಡಿ."

"ಹಳದಿ?"

"ಅದರಲ್ಲಿ ಬರುತ್ತೆ. ಎರಡು ವರ್ಷ ಆದ ಮೇಲೆ."

ಅವಳು ಗಂಡನ ಕಡೆ ನೋಡಲಿಲ್ಲ. ಹಸಿರನ್ನು ಎತ್ತಿಕೊಂಡಳು. ಹಸಿರಿನಲ್ಲಿ ಮೊದಲ ದಿನದಿಂದಲೇ ಯಂತ್ರದ ಖರ್ಚು ಕೊಡುತ್ತಿದ್ದರು. ಅವಳ ಅಲ್ಲಿನ ಕೂಲಿಯಲ್ಲಿ ಕಾಲು ಭಾಗ ಅದಕ್ಕೇ ಹೋಗುತ್ತಿತ್ತು. ಆಗಲಿ ಎಂದಳು. ವಿಮೆಯವನು ಗಂಡನ ಕಾಗದಗಳನ್ನು ತಿರುವಿ, ಒಂದರ ಮೇಲೆ ಬೆರಳಿಟ್ಟ. ನರ್ಸರಿಯ ವೈದ್ಯ ಕೆಲಸದಿಂದ ಬಿಡಿಸುವಾಗ ಬರೆದುಕೊಟ್ಟ ಕಾಗದ. ಕಾಯಿಲೆಯ ಕಾರಣ: ದೀರ್ಘಕಾಲದ ಮದ್ಯಪಾನ.

"ಕುಡಿತದಿಂದ ಬಂದಿದ್ದಕ್ಕೆ ಹಸಿರಿನವರು ಕೊಡಲ್ಲ ಅಕ್ಕ. ಕೊನೇ ಪುಟದಲ್ಲಿದೆ."

"ಇವರು ಕುಡಿಯಲ್ಲ. ಒಂದು ದಿನಾನೂ ಕುಡಿದಿಲ್ಲ."

"ಇರಬಹುದು. ಕಾಗದ ಹಾಗೆ ಹೇಳುತ್ತಲ್ಲ."

"ಕುಡಿದಿದ್ದರೂ ಬೇಜಾರಿರಲಿಲ್ಲ," ಎಂದ ಗಂಡ. "ರುಚಿಯಾದರೂ ಗೊತ್ತಿರ್ತಿತ್ತು."

ವಿಮೆಯವನಿಗೆ ನಗು ಬಂತು. ನಕ್ಕವನು ದನಿ ತಗ್ಗಿಸಿದ. "ಒಂದು ದಾರಿ ಇದೆ. ನೀಲಿ ತಗೊಳ್ಳಿ. ಮೊದಲೇ ಕಾಯಿಲೆ ಇದೆಯಾ ಅನ್ನೋ ಕಡೆ ಇಲ್ಲ ಅಂತ ಬರೀರಿ. ಹೋಗಿ ಒಂದು ತಿಂಗಳಿಗೆ, ಇದ್ದಕ್ಕಿದ್ದಂತೆ ಬಂತು ಅನ್ನಿ."

ಅವಳು ಗಂಡನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಸೂಜಿ ಚುಚ್ಚಿ ಚುಚ್ಚಿ ಮುಂಗೈಯ ನರ ಹುರಿಹಗ್ಗದಂತೆ ಉಬ್ಬಿ ನಿಂತಿತ್ತು. ಮುಟ್ಟಿದರೆ ಒಳಗೆ ಗುಂಯ್ ಎನ್ನುತ್ತಿತ್ತು.

"ಇದನ್ನ ಒಂದು ತಿಂಗಳಲ್ಲಿ ಬಂತು ಅನ್ನಲಾ?"

ವಿಮೆಯವನು ಪುಸ್ತಿಕೆಗಳನ್ನು ಜೋಡಿಸತೊಡಗಿದ. "ಹಾಗಾದರೆ ನೀವೊಬ್ಬರೇ ಹೋಗಿ ಅಕ್ಕ. ಇವರದು ಇನ್ನು ಎಷ್ಟು ವರ್ಷ ಅಂತ ಹೇಳಿದ್ದಾರೆ?"

"ನನ್ನನ್ನೇ ಕೇಳಿ ಸ್ವಾಮಿ," ಎಂದ ಗಂಡ. "ಇಲ್ಲೇ ಕೂತಿದ್ದೀನಲ್ಲ."

ಕಾರಣದ ಮಾತು ತಿದ್ದಿಸಿಕೊಂಡು ಬಂದರೆ ಹಸಿರು ಸಿಗುತ್ತದೆ, ಶನಿವಾರದವರೆಗೆ ಕಾಯುತ್ತೇನೆ ಎಂದ ವಿಮೆಯವನು. ಅವಳು ಹಸಿರು ಪುಸ್ತಿಕೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಬೆಳಿಗ್ಗೆ ಮೇಲ್ವಿಚಾರಕನ ಕೋಣೆಯ ಮುಂದೆ ಒಂದು ಗಂಟೆ ನಿಂತಳು. ಕೊರಳಿಗೆ ಸೀಟಿ ಕಟ್ಟಿಕೊಂಡಿರುತ್ತಿದ್ದ ಅವನಿಗೆ ಹಿಂದೆ ಎಲ್ಲರೂ ಸೀಟಿ ಎನ್ನುತ್ತಿದ್ದರು, ಮುಂದೆ ಸಾರ್. ಒಳಗೆ ಕರೆದಾಗ ಕೂರು ಎನ್ನಲಿಲ್ಲ. ಅವಳ ಮೊಣಕಾಲಿನ ಮಣ್ಣು ಕುರ್ಚಿಗೆ ತಾಗೀತೆಂಬ ಭಯ ಆ ಕೋಣೆಯಲ್ಲಿ ಮೊದಲಿನಿಂದಲೂ ಇತ್ತು. ಅವಳು ನಿಂತೇ ವಿಷಯ ಹೇಳಿದಳು.

ಅವನು ಸಮಾಧಾನವಾಗಿ ಕೇಳಿಸಿಕೊಂಡ. "ಡಾಕ್ಟರಿಗೆ ನಾನು ಹೇಳ್ತೀನಿ. ಕುಡಿತ ಅನ್ನೋದನ್ನ ಹೊಡೆದು, ಕಾರಣ ಗೊತ್ತಿಲ್ಲ ಅಂತ ಬರೆಸಿಕೊಡ್ತೀನಿ. ಸಾಕಲ್ಲ?"

"ಸಾಕು ಸಾರ್."

"ಆದರೆ ನೀನೂ ಒಂದು ಕಾಗದ ಕೊಡಬೇಕಾಗುತ್ತೆ."

ಕಾಗದ ಮೊದಲೇ ಸಿದ್ಧವಾಗಿತ್ತು. ಅವಳಂತೆ ಬಂದವರು ಬೇರೆಯವರೂ ಇರಬೇಕು. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ನನ್ನ ಗಂಡ ಈ ನರ್ಸರಿಯಲ್ಲಿ ನೀರು ಹಾಯಿಸುವ ಕೆಲಸ ಮಾತ್ರ ಮಾಡಿರುತ್ತಾನೆ. ಔಷಧಿ ಸಿಂಪಡಿಸುವ ಕೆಲಸವನ್ನು ಎಂದೂ ಮಾಡಿರುವುದಿಲ್ಲ.

"ಇವರು ಹದಿನಾಲ್ಕು ವರ್ಷ ಹೊಡೆದಿದ್ದಾರಲ್ಲ ಸಾರ್."

"ಗೊತ್ತಮ್ಮ. ಯಾರಿಗೆ ಗೊತ್ತಿಲ್ಲ? ಬರೀ ಕಾಗದ ಇದು."

"ಬರೀ ಕಾಗದ ಆದರೆ ಯಾಕೆ ಬೇಕು?"

ಅವನ ಮುಖ ಸ್ವಲ್ಪ ಬಿಗಿಯಿತು. ಪುಸ್ತಕ ತೆರೆದ. "ಇನ್ನೊಂದು. ಹೋದ ಋತುವಿನಲ್ಲಿ ನೀನು ಕಟ್ಟಿದ್ದರಲ್ಲಿ ಮುನ್ನೂರ ಹನ್ನೆರಡು ಸತ್ತಿವೆ. ಬಾಕಿ ಇದೆ. ಕೂಲಿ ಇಲ್ಲದೆ ಮತ್ತೆ ಕಟ್ಟಿಕೊಟ್ಟು ಹೋಗಬೇಕು. ಬಿಡುಗಡೆ ಪತ್ರ ಆಮೇಲೆ."

ಅದು ನರ್ಸರಿಯ ಪದ್ಧತಿ. ಪ್ರತಿ ಹೆಂಗಸಿನ ಗಂಟೂ ಬೇರೆ. ಅವಳದು ಎಡಕ್ಕೆ ಎರಡು ಬೆರಳುದ್ದ ಬಾಲ ಬಿಟ್ಟ ಗಂಟು. ಗಿಡ ಸತ್ತರೆ ಗಂಟು ನೋಡಿ ಯಾರ ಕೈಯೆಂದು ಹಿಡಿಯುತ್ತಿದ್ದರು. ಸತ್ತಷ್ಟನ್ನೂ ಅವಳೇ ಪುಕ್ಕಟೆ ಕಟ್ಟಿಕೊಡಬೇಕು.

"ಆ ಬುಡ ಮೊದಲೇ ಕೊಳೆತಿತ್ತು ಸಾರ್. ಕತ್ತರಿಸುವಾಗಲೇ ಒಳಗೆ ಕಪ್ಪಿತ್ತು. ನಾನು ಆವತ್ತೇ ತೋರಿಸಿದ್ದೆ. ಕಟ್ಟು ಅಂದಿದ್ದು ನೀವೇ."

"ಗಂಟು ಯಾರದು?"

"ನನ್ನದು."

"ಮತ್ತೆ?"

ಅವಳಿಗೆ ಪಟ್ಟಿಯ ಕಹಿ ಬಾಯಿಗೆ ಬಂದ ಹಾಗಾಯಿತು.

"ಮೊದಲೇ ರೋಗ ಇದ್ದ ಗಿಡಕ್ಕೆ ನಾನು ದಂಡ ಕಟ್ಟಬೇಕು," ಎಂದಳು. ಸಾರ್ ಎನ್ನುವುದನ್ನು ಬಿಟ್ಟಿದ್ದಳು. "ಮೊದಲೇ ರೋಗ ಇದ್ದ ಗಂಡನಿಗೂ ನಾನೇ ದಂಡ ಕಟ್ಟಬೇಕು. ಗಿಡದ ಬುಡ ಕೊಳೆಸಿದ್ದು ನೀವು. ಇವರ ಬುಡ ಕೊಳೆಸಿದ್ದೂ ನೀವು. ಎರಡಕ್ಕೂ ಗಂಟು ನನ್ನದು ಅಂತೀರಿ."

"ಮಾತು ನೋಡ್ಕೊಂಡು ಆಡು."

"ನಿಮ್ಮ ಕಾಗದ ನೋಡ್ಕೊಂಡೇ ಆಡ್ತಿದ್ದೀನಿ. ಇವತ್ತು ಟ್ಯಾಂಕು ಹೊತ್ತಿರೋರು ಐದು ಜನ ಇದ್ದಾರೆ. ನಾಳೆ ಅವರು ಬಿದ್ದರೆ ಅವರ ಹೆಂಡಿರ ಮುಂದೆ ನನ್ನ ಸಹಿ ಹಿಡೀತೀರಿ. ನೋಡು, ಇವನೂ ಹೊಡೆದಿಲ್ಲ, ನಿನ್ನವನೂ ಹೊಡೆದಿಲ್ಲ ಅಂತ. ನಾನು ಹಾಕಲ್ಲ."

"ನಿನ್ನ ಗಂಡನ ಜೀವಕ್ಕಿಂತ ಹೆಚ್ಚಾ ನಿನಗೆ ಇದು?"

ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು. ಎಸೆಯಲಿಲ್ಲ. ಕಸಿಯ ಚಾಕುವನ್ನು ಇಡುವ ಹಾಗೆ, ಮೊನೆಯನ್ನು ತನ್ನಿಂದ ಆಚೆಗೆ ತಿರುಗಿಸಿ ಇಟ್ಟು ಹೊರಗೆ ಬಂದಳು. ಆ ದಿನವೆಲ್ಲ ಕಸಿ ಕಟ್ಟಿದಳು. ಸೀಟಿ ಕೊನೆಗೆ ಕೇಳಿದ ಮಾತನ್ನು ಮನೆಯವರೆಗೂ ಹೊತ್ತು ತಂದಳು.

ಹೊತ್ತು ಇಳಿಯುತ್ತಿತ್ತು. ಗಂಡ ಹಿತ್ತಲಲ್ಲಿ ಕೋಳಿಗಳನ್ನು ಗೂಡಿಗೆ ಸೇರಿಸುತ್ತಿದ್ದ. ಅವಳು ಕಾಲು ತೊಳೆಯದೆ ನಿಂತೇ ಎಲ್ಲವನ್ನೂ ಹೇಳಿದಳು.

"ನಿಮ್ಮ ಜೀವ ನನ್ನ ಕೈಯಲ್ಲಿತ್ತು. ನಾನು ಸಹಿ ಹಾಕಲಿಲ್ಲ," ಎಂದಳು. "ಬೈಯೋದಾದರೆ ಬೈದುಬಿಡಿ."

ಅವನು ಬೈಯಲಿಲ್ಲ. ಕೊನೆಯ ಕೋಳಿಯನ್ನು ಒಳಗೆ ತಳ್ಳಿ, ಗೂಡಿನ ಬಾಗಿಲನ್ನೇ ನೋಡುತ್ತಾ ಕೂತ. ಆ ಬಾಗಿಲಿಗೆ ಅಂಗೈಯಗಲದ ತಗಡುಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಮೊಳೆ ಹೊಡೆದು ಕೂರಿಸಿದ್ದ. ಕೆಂಪು ಬಣ್ಣ ಮಾಸಿ ಇಟ್ಟಿಗೆಯಂತಾಗಿತ್ತು. ನರ್ಸರಿಯ ತಗಡುಗಳು ಎಂದು ಅವಳಿಗೂ ಗೊತ್ತಿತ್ತು. ಔಷಧಿ ಹೊಡೆದ ಮೇಲೆ ಸಾಲಿನ ಬಾಯಿಗೆ ಕಟ್ಟುವ ತಗಡು. ನರ್ಸರಿಯ ಗೇಟಿನ ಮೇಲೆ ದೊಡ್ಡ ಬೋರ್ಡಿತ್ತು: ಕೆಂಪು ತಗಡು ಇರುವ ಸಾಲಿಗೆ ಏಳು ದಿನ ಯಾರೂ ಇಳಿಯಬಾರದು. ಕಟ್ಟಿದವನೇ ಬಿಚ್ಚಬೇಕು. ಗಿಡ ಕೊಳ್ಳಲು ಬಂದವರೆಲ್ಲ ಆ ಬೋರ್ಡಿನ ಫೋಟೋ ಹಿಡಿದುಕೊಂಡು ಹೋಗುತ್ತಿದ್ದರು.

"ಇಲ್ಲಿ ಬಾ," ಎಂದ ಗಂಡ. "ಕೈಯಿಟ್ಟು ನೋಡು."

ಅವಳು ಬೆರಳಾಡಿಸಿದಳು. ಮೊಳೆಯಿಂದ ಗೀರಿದ ಅಂಕಿಗಳು ಸಿಕ್ಕವು. ಸಾಲಿನ ಸಂಖ್ಯೆ. ಔಷಧಿಯ ಹೆಸರಿನ ಮೊದಲ ಅಕ್ಷರ. ಕೆಳಗೆ ಎರಡು ತಾರೀಕು.

"ಮೇಲಿನದು ಕಟ್ಟಿದ ದಿನ. ಕೆಳಗಿನದು ಬಿಚ್ಚಿದ ದಿನ."

ಅವಳು ಒಂದನ್ನು ಓದಿದಳು. ಇನ್ನೊಂದನ್ನು. ಮತ್ತೊಂದನ್ನು. ಎಲ್ಲದರಲ್ಲೂ ಕೆಳಗಿನ ತಾರೀಕು ಮೇಲಿನದರ ಮರುದಿನ.

"ಬೆಳಿಗ್ಗೆ ಬಂದು ಬಿಚ್ಚು ಅಂತಿದ್ದ ಸೀಟಿ. ಋತು ಕಾಯಲ್ಲ ಅಂತಿದ್ದ. ನಾನು ಬಿಚ್ಚುತ್ತಿದ್ದೆ. ನೀವೆಲ್ಲ ಇಳೀತಿದ್ರಿ." ಅವನು ಒಂದು ತಗಡನ್ನು ಉಗುರಿನಿಂದ ತಟ್ಟಿದ. "ನಿಯಮ ಅಂತ ನಾನು ತಾರೀಕು ಗೀರುತ್ತಿದ್ದೆ. ಗೀರಿದ ತಗಡು ಮತ್ತೆ ಕೆಲಸಕ್ಕೆ ಬರಲ್ಲ, ಎಸಿ ಅಂದರು. ಒಳ್ಳೆ ತಗಡು, ಬಾಗಿಲಿಗಾದರೂ ಆಗುತ್ತೆ ಅಂತ ತಂದೆ."

ಅವಳು ಒಂದು ವರ್ಷವನ್ನು ಹುಡುಕತೊಡಗಿದಳು. ಯಾವುದೆಂದು ಹೇಳಲಿಲ್ಲ. ಅವನಿಗೆ ಗೊತ್ತಿತ್ತು. ಐದು ತಿಂಗಳಿಗೆ ಮಗು ಅವಳ ಹೊಟ್ಟೆಯಲ್ಲಿ ನಿಲ್ಲದೆ ಹೋದ ವರ್ಷ ಅದು. ಆಮೇಲೆ ಮತ್ತೆ ಆಗಿರಲಿಲ್ಲ.

"ಅಲ್ಲಿಲ್ಲ," ಎಂದ. "ಕೆಳಗಿದೆ. ನಿನ್ನ ಕಣ್ಣಿಗೆ ಬೀಳದಿರಲಿ ಅಂತ."

ತೀರಾ ಕೆಳಗೆ, ಕೋಳಿಯ ಹಿಕ್ಕೆ ಮೆತ್ತಿಕೊಂಡ ಒಂದು ತಗಡು. ಅವಳು ಉಗುರಿನಿಂದ ಕೆರೆದಳು. ಒಂಬತ್ತನೆಯ ಸಾಲು. ಕಟ್ಟಿದ್ದು ಹದಿಮೂರು. ಬಿಚ್ಚಿದ್ದು ಹದಿನಾಲ್ಕು. ಅವಳು ಅಲ್ಲೇ ಕೂತುಬಿಟ್ಟಳು. ಆವತ್ತಿನ ಪಟ್ಟಿಯ ಕಹಿ ಅವಳಿಗೆ ನೆನಪಿತ್ತು.

"ನೀವು ಬಿಚ್ಚಿದ್ದು," ಎಂದಳು.

"ಹೌದು. ನಾನೇ."

ಅವಳು ಅವನನ್ನು ಹೊಡೆಯಲಿಲ್ಲ. ತಬ್ಬಿಕೊಳ್ಳಲೂ ಇಲ್ಲ. ಎದ್ದು ಹೋಗಿ ಇಕ್ಕಳ ತಂದಳು. ಇಬ್ಬರೂ ಸೇರಿ ಬಾಗಿಲನ್ನು ಕೀಲಿನಿಂದ ಬಿಡಿಸಿದರು.

ಶುಕ್ರವಾರ ಅವನ ಯಂತ್ರದ ದಿನ. ಕೋಳಿಗೂಡಿನ ಬಾಗಿಲನ್ನು ಹೊತ್ತು ಬಸ್ಸು ಹತ್ತಿದಾಗ ಕಂಡಕ್ಟರ್, "ಮನೆ ಖಾಲಿ ಮಾಡ್ತಿದ್ದೀರಾ?" ಎಂದ. "ಹೌದಪ್ಪ, ಬಾಗಿಲಿಂದ ಶುರು ಮಾಡಿದ್ದೀವಿ," ಎಂದ ಗಂಡ.

ಯಂತ್ರದ ಕೋಣೆಯ ಡಾಕ್ಟರಮ್ಮ ಬಾಗಿಲನ್ನು ಗೋಡೆಗೆ ಒರಗಿಸಿ, ಕನ್ನಡಕ ಏರಿಸಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದರು. ಫೋನಿನಲ್ಲಿ ಪ್ರತಿ ತಗಡಿನ ಫೋಟೋ ತೆಗೆದರು. ನೂರಾ ನಲವತ್ತೊಂದು ತಗಡುಗಳಿದ್ದವು.

"ಆ ನರ್ಸರಿಯಿಂದ ಇಲ್ಲಿಗೆ ಬಂದವರಲ್ಲಿ ನೀವು ಐದನೆಯವರು. ಉಳಿದ ನಾಲ್ವರ ಕಾಗದದಲ್ಲೂ ಕುಡಿತ ಅಂತಲೇ ಇದೆ."

"ಅದರಲ್ಲೊಬ್ಬ ಕುಡೀತಿದ್ದ ಮೇಡಂ," ಎಂದ ಗಂಡ. "ಸುಳ್ಳು ಹೇಳಬಾರದು."

ಡಾಕ್ಟರಮ್ಮ ಕೈ ತೊಳೆದು ಬಂದು ಬರೆದರು. ರೋಗಿಗೆ ಮದ್ಯಪಾನದ ಅಭ್ಯಾಸವಿಲ್ಲ. ಹದಿನಾಲ್ಕು ವರ್ಷ ಕೆಲಸದ ಜಾಗದಲ್ಲಿ ಕೀಟನಾಶಕದ ಸಂಪರ್ಕ. ಕಾರಣ ಅದೇ ಎಂದು ನನ್ನ ಅಭಿಪ್ರಾಯ. ಸಹಿ, ಮೊಹರು. ಆಮೇಲೆ ಉಳಿದ ನಾಲ್ವರ ಕಡತಗಳನ್ನೂ ತರಲು ನರ್ಸಿಗೆ ಹೇಳಿದರು.

ಶನಿವಾರ ವಿಮೆಯವನು ಆ ಕಾಗದವನ್ನು ಎರಡು ಸಲ ಓದಿ ಮೇಲಿನವರಿಗೆ ಕಳಿಸಿದ. ಸಂಜೆಗೆ ಉತ್ತರ ಬಂತು. ಹಸಿರು ಕೊಡುತ್ತಾರೆ. ಆದರೆ ಅಪಾಯ ಜಾಸ್ತಿಯಾದ್ದರಿಂದ ಅವಳ ಕೂಲಿಯ ಕಾಲು ಭಾಗ ಸಾಲದು, ಅರ್ಧ ಕಟ್ಟಬೇಕು.

"ವಿಷ ಹೊಡೆಸಿದವನು ಏನು ಕಟ್ತಾನೆ?" ಎಂದು ಕೇಳಿದಳು.

"ಅವನದು ಈ ಫಾರಂನಲ್ಲಿ ಬರಲ್ಲ ಅಕ್ಕ."

"ಗೊತ್ತು. ಯಾವ ಫಾರಂನಲ್ಲೂ ಬರಲ್ಲ. ವಿಷ ಕುಡಿದವರು ಅರ್ಧ ಕೂಲಿ ಕಟ್ಟಬೇಕು, ಕುಡಿಸಿದವನು ಬೋರ್ಡು ಬರೆಸಿದರೆ ಆಯ್ತು."

ಮೊದಲೇ ಕಾಯಿಲೆ ಇದೆಯೇ ಎಂಬ ಕಡೆ ಅವಳೇ ಬರೆದಳು. ಇದೆ. ಅಕ್ಷರ ದೊಡ್ಡದಾಗಿ ಗೆರೆಯ ಆಚೆಗೂ ಹೋಯಿತು. ಅರ್ಧ ಕೂಲಿಯಲ್ಲಿ ಇಬ್ಬರು ಹೇಗೆ ಬದುಕುತ್ತಾರೆಂದು ಇಬ್ಬರಿಗೂ ತಿಳಿದಿರಲಿಲ್ಲ. ಆದರೆ ಇಬ್ಬರೂ ಹೋಗುತ್ತಿದ್ದರು.

ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ನರ್ಸರಿಗೆ ಬಂದಳು. ಜೊತೆಗೆ ಗಂಡನೂ ಇದ್ದ. ಅವನ ಚೀಲದಲ್ಲಿ ತಗಡುಗಳಿದ್ದವು, ತಂತಿಯಿತ್ತು, ಇಕ್ಕಳವಿತ್ತು. ಮೂರು ವರ್ಷದ ಮೇಲೆ ಬಂದವನನ್ನು ಕಂಡು ಹೆಂಗಸರು, "ಟ್ಯಾಂಕಣ್ಣ, ಖಾಲಿ ಬೆನ್ನಲ್ಲಿ ನಿನ್ನ ಗುರುತೇ ಸಿಗಲ್ಲ," ಎಂದರು. ಅವನು ನಗದೆ ಮೊದಲ ಸಾಲಿನ ಬಾಯಿಗೆ ಹೋಗಿ ಒಂದು ಕೆಂಪು ತಗಡು ಕಟ್ಟಿದ. ತಂತಿಯನ್ನು ಮೂರು ಸುತ್ತು ತಿರುಚಿದ. ಎರಡನೆಯ ಸಾಲಿಗೆ ಹೋದ. ಉಸಿರು ಸಾಲದೆ ನಡುನಡುವೆ ನಿಂತ. ಅವಳು ತಗಡು ಎತ್ತಿಕೊಡುತ್ತಾ ಹಿಂದೆ ನಡೆದಳು.

ದೊಡ್ಡಕ್ಕ ಹತ್ತಿರ ಬಂದು ತಗಡಿನ ಮೇಲಿನ ಎರಡು ತಾರೀಕನ್ನು ಓದಿದಳು. ಇನ್ನೊಂದು ಸಾಲಿನದನ್ನೂ ಓದಿದಳು. ಬೆರಳೆಣಿಸಿದಳು. ಆಮೇಲೆ ಚಾಕುವನ್ನು ಮಡಿಚಿ ಸೆರಗಿಗೆ ಕಟ್ಟಿಕೊಂಡು ಬದುವಿನ ಮೇಲೆ ಹೋಗಿ ಕೂತಳು. ಒಬ್ಬೊಬ್ಬರೇ ಮೊಣಕಾಲಿನ ಮಣ್ಣು ಕೊಡವಿಕೊಂಡು ಸಾಲುಗಳಿಂದ ಎದ್ದು ಬಂದರು. ಟ್ಯಾಂಕು ಹೊತ್ತ ಐವರು ಗಂಡಸರು ಕೊನೆಯಲ್ಲಿ ಬಂದು ಟ್ಯಾಂಕುಗಳನ್ನು ನೆಲಕ್ಕಿಳಿಸಿದರು.

ಸೀಟಿ ಊದುತ್ತಾ ಓಡಿ ಬಂದ ಮೇಲ್ವಿಚಾರಕ. ಯಾರೂ ಏಳಲಿಲ್ಲ.

"ಏನಿದು? ಯಾವ ಔಷಧಿ ಹೊಡೆದಿದ್ದಾರೆ ಈಗ?"

"ಈಗಲ್ಲ ಸಾರ್, ಆಗ ನಾನು ಹೊಡೆದಿದ್ದು," ಎಂದ ಗಂಡ. "ಏಳು ದಿನ ಇರಬೇಕಾದ್ದು ಒಂದು ದಿನ ಇತ್ತು. ಒಂದು ತಗಡಿಗೆ ಆರು ದಿನದ ಹಾಗೆ ಇವರಿಗೆಲ್ಲ ಬಾಕಿ ಉಳಿಸಿಕೊಂಡಿದ್ದೆ. ತೀರಿಸ್ತಿದ್ದೀನಿ."

"ತಲೆ ಕೆಟ್ಟಿದೆಯಾ? ಆರು ದಿನ ಹೋದರೆ ಋತುನೇ ಹೋಯ್ತು. ಬಿಚ್ಚು."

"ಬಿಚ್ಚೋ ಕೆಲಸ ಬಿಟ್ಟು ಮೂರು ವರ್ಷ ಆಯ್ತು ಸಾರ್."

ಮೇಲ್ವಿಚಾರಕ ತಾನೇ ಒಂದು ತಗಡಿಗೆ ಕೈ ಹಾಕಿದ. ತಂತಿ ಬಿಗಿಯಾಗಿತ್ತು, ಅಂಚು ಹರಿತವಾಗಿತ್ತು.

"ಕಟ್ಟಿದವನೇ ಬಿಚ್ಚಬೇಕು ಸಾರ್," ಎಂದಳು ದೊಡ್ಡಕ್ಕ ಕೂತಲ್ಲಿಂದಲೇ. "ನಿಮ್ಮ ಬೋರ್ಡು. ಫೋಟೋ ಹಿಡ್ಕೊಂಡು ಹೋಗ್ತಾರಲ್ಲ, ಅದೇ."

ಅವನು ಬೆರಳನ್ನು ಬಾಯಿಗಿಟ್ಟುಕೊಂಡ. ಅವಳ ಕಡೆ ತಿರುಗಿದ. "ನಿನ್ನ ಮುನ್ನೂರ ಹನ್ನೆರಡು ಬಾಕಿ ಇದೆ. ಬಿಡುಗಡೆ ಪತ್ರ ಹೇಗೆ ಸಿಗುತ್ತೆ ನೋಡ್ತೀನಿ."

"ಆ ತೋಟದವರಿಗೆ ಬೇಕಾಗಿರೋದು ನನ್ನ ಕೈ. ನಿಮ್ಮ ಪತ್ರ ಅಲ್ಲ," ಎಂದಳು.

ಒಂಬತ್ತನೆಯ ಸಾಲು ಒಂದೇ ಉಳಿದಿತ್ತು. ಗಂಡ ಚೀಲದ ತಳದಿಂದ ಆ ತಗಡನ್ನು ತೆಗೆದು, ತಾನು ಕಟ್ಟದೆ ಅವಳ ಕೈಗೆ ಕೊಟ್ಟ. ಅವಳು ತಂತಿ ಮುಟ್ಟಲಿಲ್ಲ. ಸೊಂಟದಿಂದ ಕಸಿಯ ಪಟ್ಟಿ ಎಳೆದು, ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಗಾಯಕ್ಕೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿದಳು. ಎಡಕ್ಕೆ ಎರಡು ಬೆರಳುದ್ದ ಬಾಲ ಬಿಟ್ಟು ಗಂಟು ಹಾಕಿದಳು. ಯಾರ ಕೈಯೆಂದು ನೋಡಿದ ಯಾರಿಗೂ ತಿಳಿಯುವಂತೆ.

ಇಬ್ಬರೂ ಗೇಟಿನ ಕಡೆ ನಡೆದರು. ಬಿಸಿಲೇರುತ್ತಿತ್ತು. ಹಿಂದೆ ಕೊಯ್ದು ರಾಶಿ ಹಾಕಿದ್ದ ಕಡ್ಡಿಗಳ ಮೇಲೆ ಮೊಗ್ಗುಗಳು ಆಗಲೇ ಬಿರಿಯತೊಡಗಿದ್ದವು. ಮುನ್ನೂರ ಹನ್ನೆರಡು ಬುಡಗಳು ಕಟ್ಟದೆ ಉಳಿದವು.